ಟೆಲಿಫೋನ್ ತಂತಿಗೆ ಹೂಂಗುಟ್ಟಲು ಕಲಿಸಿದ ಮಾಮಿ

ಮದರಾಸಿನ ವೇಲಚೇರಿ, ಬೆಳಗಿನ ಐದೂವರೆ. ಹಾಲಿನವನು ಬರುವ ಮೊದಲೇ ಚಂದ್ರಮತಿಯವರು ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸಿಕ್ಕಿಸಿ, ಮಿನುಗುವ ಹಸಿರು ದೀಪಗಳನ್ನು ಒಂದೊಂದಾಗಿ ನೋಡುತ್ತಾರೆ. ನಿನ್ನೆ ಬಂದುಹೋದ ಇಮೇಲ್ ನಲವತ್ತು ಸಾವಿರ. ಒಂದೂ ಕಳೆದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಫ್ಲಾಸ್ಕಿನ ಕಾಫಿ.

ಇದು 2003. ಐವತ್ತೆಂಟರ ಈ ವಿಜ್ಞಾನಿಗೆ ಹುಡುಗರು ಇಟ್ಟ ಹೆಸರು ‘ಸರ್ವರ್ ಮಾಮಿ’. ಕಂಪ್ಯೂಟರುಗಳಿಗೆ ಒಂದರೊಡನೊಂದು ಮಾತಾಡಲು ಕಲಿಸಿದವರಲ್ಲಿ ನಮ್ಮ ಮದರಾಸಿನ ಈ ಕನ್ನಡದ ಹೆಂಗಸೂ ಒಬ್ಬರೆಂದು ಆ ಹುಡುಗರಿಗೆ ಗೊತ್ತಿಲ್ಲ. ಕೇಳಿದಾಗ ನನಗಂತೂ ಹೆಮ್ಮೆಯಿಂದ ಎದೆಯುಬ್ಬಿತು.

1988ರಲ್ಲಿ ಅವರಿದ್ದ ಸಂಶೋಧನಾಲಯಕ್ಕೆ ಒಂದೇ ಟೆಲಿಫೋನ್ ಲೈನು. ಅದರಲ್ಲೇ ಒಂಬತ್ತು ಊರುಗಳಿಗೆ ದಿನಕ್ಕೆ ನೂರನಲವತ್ತು ಪತ್ರ ಹೋಗಬೇಕು. ಲೈನೋ, ದೇವರಿಗೇ ಪ್ರೀತಿ. “ಪತ್ರ ಅರ್ಧ ಹೋಗಿರ್ತಿತ್ತು. ಪ್ಯಾರೀಸ್ ಕಾರ್ನರ್ ಮಂಡಿಯವರು ಯಾರೋ ನಡುವೆ ನುಗ್ಗಿ ‘ವೆಂಗಾಯಂ ನೂರು ಮೂಟೆ’ ಅಂತ ಈರುಳ್ಳಿ ವ್ಯಾಪಾರ ಶುರು ಮಾಡೋರು. ಮುಗೀತು, ಮತ್ತೆ ಮೊದಲಿಂದ!” ಎನ್ನುತ್ತಾರೆ ಮಾಮಿ.

ದಾರಿ ತೋರಿಸಿದ್ದು ಮಾಮಿಯ ಬಾಲ್ಯದ ಕೀಲ್ಪಾಕ್ ಮನೆಯ ಅಜ್ಜಿ ವೃಂದಾಬಾಯಿ, ಅದೂ ತಮಗೆ ತಿಳಿಯದೆ. ಮಧ್ಯಾಹ್ನ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕಥೆ ಹೇಳುವಾಗ ಅವರ ಕಣ್ಣೆಲ್ಲ ಹತ್ತಿಯ ಮೇಲೆ. ಮಕ್ಕಳು ಹೂಂಗುಟ್ಟಿದರಷ್ಟೇ ಕಥೆ ಮುಂದಕ್ಕೆ. “ಹೂಂ ನಿಂತ್ರೆ ‘ಎಲ್ಲಿ ತನಕ ಕೇಳ್ದೆ?’ ಅಂತ ಅಲ್ಲಿಂದಲೇ ಮತ್ತೆ ಹೇಳೋರು. ನಾನು ಮಾಡಿದ್ದೂ ಅಷ್ಟೇಪ್ಪಾ.” ಪತ್ರವನ್ನು ಚೂರುಚೂರಾಗಿ ಕಳಿಸುವುದು, ಪ್ರತಿ ಚೂರಿಗೂ ಆಚೆಯ ಕಂಪ್ಯೂಟರ್ ‘ಹೂಂ’ ಎನ್ನಬೇಕು, ಎನ್ನದಿದ್ದರೆ ಆ ಚೂರು ಮಾತ್ರ ಮತ್ತೊಮ್ಮೆ. ಪ್ರೋಗ್ರಾಮಿನಲ್ಲಿ ಅದು ಎಚ್, ಯು, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರವಾಯಿತು.

ಎಡವಟ್ಟಾದದ್ದು ಅಲ್ಲೇ. ಸಂಶೋಧನಾಲಯದ ಕೈಪಿಡಿ ಬರೆದ ಪುಣ್ಯಾತ್ಮರು ಅದನ್ನು ‘ಹೈ ಯುಟಿಲಿಟಿ ಮೆಸೇಜ್’ ಎಂದು ಬಿಡಿಸಿ ಅಚ್ಚು ಹಾಕಿಸಿದರು. ಪ್ರೋಗ್ರಾಂ ಬರೆದವರ ಹೆಸರನ್ನೂ ಹಾಕಲಿಲ್ಲ. ಈಗ ಆ ಕೈಪಿಡಿಯ ಮರುಮುದ್ರಣ, ಶುಕ್ರವಾರ ಪ್ರೆಸ್ಸಿಗೆ. ಈ ಸಲವೂ ತಪ್ಪು ಉಳಿದರೆ ಇನ್ನು ತಿದ್ದುವವರಿಲ್ಲ ಎಂಬುದೊಂದೇ ಮಾಮಿಯ ಕೊರಗು.

ಕರಡು ತಿದ್ದುತ್ತಿರುವ ಹಳೆಯ ಶಿಷ್ಯ ವಿಠ್ಠಲರನ್ನು ಇವತ್ತು ಅವರೇ ಕರೆಸಿ, ಅದು ಅಜ್ಜಿಯ ಕಥೆಯ ‘ಹೂಂ’ ಎಂದು ತಿದ್ದಲು ಹೇಳಿದ್ದಾರೆ. “ಮೇಡಂ, ಟೆಕ್ನಿಕಲ್ ಪುಸ್ತಕದಲ್ಲಿ ಅಜ್ಜಿ ಕಥೆ ಹಾಕಿದ್ರೆ ನಗ್ತಾರೆ...” ಎಂದು ವಿಠ್ಠಲ ರಾಗ ಎಳೆಯುತ್ತಾರೆ. ಚಂದ್ರಮತಿ ವಾದಕ್ಕಿಳಿಯುವುದಿಲ್ಲ. ಅವರಿಗೊಂದು ಲೋಟ ಕಾಫಿ ಕೊಟ್ಟು, ಮಂಡಿಯ ಈರುಳ್ಳಿಯಿಂದ ಹಿಡಿದು ಅಜ್ಜಿಯ ಬತ್ತಿಯವರೆಗೆ ನಿಧಾನವಾಗಿ ಕಥೆ ಹೇಳುತ್ತಾರೆ.

“ಹೂಂ... ಹೂಂ...” ವಿಠ್ಠಲ ಕಾಫಿ ಹೀರುತ್ತಾರೆ.

ಮಾಮಿ ಥಟ್ಟನೆ ನಿಲ್ಲಿಸುತ್ತಾರೆ. “ಈಗ ನೀನು ಅಂದಿದ್ದು ಹೈ ಯುಟಿಲಿಟಿ ಮೆಸೇಜಾ?”

ವಿಠ್ಠಲ ನಗು ತಡೆಯಲಾರದೆ ಕರಡಿನಲ್ಲಿ ಆ ಸಾಲನ್ನು ಹೊಡೆದುಹಾಕುತ್ತಾರೆ. ವೃಂದಾಬಾಯಿಯವರ ಹೆಸರು ಬರೆದು ತಲೆ ಎತ್ತುತ್ತಾರೆ. “ಪ್ರೋಗ್ರಾಂ ಬರೆದೋರು ನೀವು ಅಂತಾನೂ ಹಾಕ್ಲಾ, ಮೇಡಂ?”

ಇಷ್ಟು ವರ್ಷ ‘ನಂದೇನಿದೆ, ಬಿಡು’ ಎನ್ನುತ್ತಿದ್ದ ಚಂದ್ರಮತಿ ಒಮ್ಮೆ ಹಸಿರು ದೀಪಗಳ ಕಡೆ ನೋಡುತ್ತಾರೆ.

“ಹೂಂ.”