ಬೀಗರ ಊರಿನ ಬಿಸಿಲು

ಮೊನ್ನೆ ಒಗೆದು ಹಗ್ಗಕ್ಕೆ ಹಾಕಿದ್ದ ಅಂಗಿಯನ್ನು ಇವತ್ತು ಬೆಳಿಗ್ಗೆ ಮೂಗಿಗೆ ಹಿಡಿದು ನೋಡಿದೆ. ಮಂಗಳೂರಿನ ಉರ್ವದ ಮಳೆಗಾಲದ ಅಂಗಿ ಅದು. ಪೂರ್ತಿ ಒಣಗಿರಲಿಲ್ಲ, ಪೂರ್ತಿ ಒದ್ದೆಯೂ ಅಲ್ಲ. ಅಣಬೆಯ ವಾಸನೆ ಮಾತ್ರ ಧಾರಾಳ. ಈ ವಾಸನೆಯ ಜೊತೆಗೇ ಹುಟ್ಟಿ ಬೆಳೆದ ನನಗೆ ಮೊದಲು ಅದೊಂದು ವಿಷಯವೇ ಆಗಿರಲಿಲ್ಲ. ವಿಜಯಪುರದ ಕಡೆಯ ಬಿಸಿಲನ್ನು ಕಂಡು ಬಂದ ಮೇಲೆ ನಾನು ಕೆಟ್ಟುಹೋದೆ ನೋಡಿ.

ನನ್ನ ತಂಗಿ ಲವೀನಾ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ, ಜೊತೆಗೇ ಕೆಲಸ ಮಾಡುತ್ತಿದ್ದ ಬಸವರಾಜನನ್ನು ಮೆಚ್ಚಿ ಮದುವೆಯಾಗಿ ವಿಜಯಪುರದ ಕಡೆಯ ಅವನ ಊರಿಗೇ ಹೊರಟುಹೋದಳು. ಮಾಂಯ್, ಅಂದರೆ ನಮ್ಮ ಅಮ್ಮ, ಒಂದು ವರ್ಷ ಮುಖ ಊದಿಸಿಕೊಂಡೇ ಇದ್ದಳು. “ಜಾತಿ ಧರ್ಮ ಆಮೇಲೆ ನೋಡುವ. ಮೀನೇ ತಿನ್ನದ ಮನೆ! ಅವಳು ಬದುಕುದು ಹೇಗೆ?” ಎನ್ನುವುದು ಅವಳ ವಾದ. ಕೊನೆಗೆ, ಎರಡೇ ದಿನ ಎಂಬ ಷರತ್ತಿನ ಮೇಲೆ ನನ್ನನ್ನು ಕಾವಲಿಗೆ ಕರೆದುಕೊಂಡು ಮಗಳ ಮನೆಗೆ ಹೊರಟಳು. ಚೀಲದ ತಳದಲ್ಲಿ ಒಣಸಿಗಡಿ ಚಟ್ನಿಯ ಬಾಟಲಿಯಿತ್ತು, ಪ್ರಾಣರಕ್ಷಣೆಗೆ. ಅವಳ ತಲೆಯಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು: ಒಂದು ದೊಡ್ಡ ತಪ್ಪು ಹುಡುಕಿ, ಮಗಳನ್ನು ವಾಪಸು ಊರಿಗೆ ಬರಲು ಒಪ್ಪಿಸುವುದು.

ಬಾಗಿಲಲ್ಲೇ ಲವೀನಾಳ ಅತ್ತೆ ಗಂಗವ್ವ ಕಾಲಿಗೆ ನೀರು ಕೊಟ್ಟು, “ಬರ್ರಿ ಬೀಗ್ರ, ಕುಂದರ್ರಿ, ಕುಂದರ್ರಿ” ಎಂದರು.

ಮಾಂಯ್ ಗಂಭೀರವಾಗಿ, “ಅಲ್ಲ ಮಾರಾಯ್ರೆ, ನಾವು ಕುಂದಾಪುರದವರಲ್ಲ. ಮಂಗಳೂರಿನವರು” ಎಂದಳು.

ಲವೀನಾ ನಕ್ಕು ನಕ್ಕು ಕಂಬಕ್ಕೆ ಒರಗಿದಳು. ಕೂತುಕೊಳ್ಳಿ ಎನ್ನುವುದಕ್ಕೆ ಅಲ್ಲಿ ಹಾಗೆ ಹೇಳುತ್ತಾರೆಂದು ಅವಳು ಬಿಡಿಸಿ ಹೇಳುವಾಗ ಗಂಗವ್ವನೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆ ಊರಿನಲ್ಲಿ ನಾನು ಮೊದಲು ಸೋತದ್ದು ಬಯಲಿಗೆ. ನಮ್ಮಲ್ಲಿ ಎಲ್ಲಿ ನೋಡಿದರೂ ಒಂದು ತೆಂಗಿನಮರ, ಒಂದು ಗೋಡೆ, ಒಂದು ತಿರುವು ಅಡ್ಡ ಬರುತ್ತದೆ. ಹಂಪನಕಟ್ಟೆಯಲ್ಲಿ ಬಸ್ಸು ಎಲ್ಲಿಂದಲೋ ಹಾರಿ ಬಂದು, ನಾವು ಹತ್ತುವ ಮೊದಲೇ ಮಾಯವಾಗುತ್ತದೆ. ಅಲ್ಲಿ ಹಾಗಲ್ಲ. ಬಸ್ಸು ದೂರದಲ್ಲಿ ಚುಕ್ಕಿಯಾಗಿ ಕಂಡ ಮೇಲೂ ನಿಧಾನಕ್ಕೆ ಚಹಾ ಕುಡಿದು, ಎಲ್ಲರಿಗೂ ಹೇಳಿ ಹೊರಡಬಹುದು. ಯಾರಾದರೂ ನಡೆದು ಬರುತ್ತಿದ್ದರೆ, ಅವರು ಮುಟ್ಟುವಷ್ಟರಲ್ಲಿ ಅವರು ಯಾರ ಮನೆಯವರು, ಯಾಕೆ ಬಂದರು ಎಂಬುದೆಲ್ಲ ಕಟ್ಟೆಯ ಮೇಲೆ ತೀರ್ಮಾನವಾಗಿರುತ್ತದೆ.

ಮಾಂಯ್ ಸೋತದ್ದು ಬಿಸಿಲಿಗೆ. ಚಳಿಗಾಲದ ಹಿತವಾದ ಬಿಸಿಲು. ಸೀರೆ ಒಗೆದು ಹರವಿ, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಹಪ್ಪಳದ ಹಾಗೆ ಗರಿಗರಿ. ಅವಳು ಮುಟ್ಟಿ ನೋಡಿದಳು, ಕೆನ್ನೆಗೆ ಒತ್ತಿ ನೋಡಿದಳು. ಆಮೇಲೆ ಅವಳನ್ನು ತಡೆಯುವವರೇ ಇಲ್ಲ. ನನ್ನ ಅಂಗಿ, ಕಿಟಕಿಯ ಪರದೆ, ಕೊನೆಗೆ ಬೀಗರ ಮನೆಯವರು ಹೊದೆಯುವ ದಪ್ಪನೆಯ ಕೌದಿಗೂ ಕೈ ಹಾಕಿದಳು.

“ಬೀಗ್ರ ಕೈಲೆ ಬಟ್ಟಿ ಒಗಸೂದೇನ್ರೀ? ಊರ ಮಂದಿ ಏನಂದಾರು!” ಎಂದು ಗಂಗವ್ವ ಒಂದು ತುದಿ ಹಿಡಿದು ಎಳೆದರು. ಮಾಂಯ್ ಇನ್ನೊಂದು ತುದಿ ಬಿಡಲಿಲ್ಲ. ಕೊನೆಗೆ ಇಬ್ಬರೂ ಸೇರಿ ಹಿಂಡಿದರು.

ಮರುದಿನ ಸೀತನಿ ತಿನ್ನಲು ಹೊಲಕ್ಕೆ ಹೋದೆವು. ಹಾಲುಗಾಳಿನ ಜೋಳದ ತೆನೆಯನ್ನು ಬೆರಣಿಯ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿಯ ಜೊತೆ ಕೊಡುತ್ತಾರೆ. ಮಾಂಯ್ ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಆಗ ಗಂಗವ್ವ ಮೆಲ್ಲನೆ ಕೇಳಿದರು, “ನಮ್ಮೂರು ಹಿಡಿಸ್ತೇನ್ರೀ? ಒಂದು ದೊಡ್ಡ ಗಿಡಾ ಇಲ್ಲ, ಹೊಳಿ ಇಲ್ಲ. ಮಗಳು ಎಂಥಾ ಊರಿಗೆ ಬಂದು ಬಿದ್ಲು ಅಂತ ನಿಮಗ ಅನಸ್ತೈತೇನೋ ಅಂತ ನನಗ ಭಾಳ ಅಂಜಿಕಿ ಇತ್ತು. ನೀವು ಬರತೀರಿ ಅಂತ ಗ್ವಾಡಿಗೆಲ್ಲ ಸುಣ್ಣ ಹಚ್ಚೀನಿ.”

ಮಾಂಯ್ ಅಗಿಯುವುದನ್ನು ನಿಲ್ಲಿಸಿದಳು. ತಾನು ಪರೀಕ್ಷೆ ಮಾಡಲು ಬಂದವಳು. ಇಲ್ಲಿ ಒಬ್ಬಾಕೆ ಪರೀಕ್ಷೆಗೆ ಕೂತವಳ ಹಾಗೆ ಹೆದರಿದ್ದಾಳೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಆಚೆ ಬದುವಿನ ಮೇಲೆ ಲವೀನಾ ಗಂಡನ ತಲೆಗೆ ಜೋಳದ ಹೊಟ್ಟು ಸುರಿದು ಓಡುತ್ತಿದ್ದಳು. ಮಾಂಯ್ ಅತ್ತ ನೋಡಿದಳು.

“ಎಂತ ಮಾತಾಡ್ತೀರಿ ಮಾರಾಯ್ರೆ! ಅವಳು ಹೀಗೆ ಓಡುದು ನಾನು ಅವಳ ಶಾಲೆಯ ದಿನಗಳಲ್ಲಿ ನೋಡಿದ್ದು. ಮತ್ತೆ ಈಗಲೇ.” ಅಷ್ಟು ಹೇಳಿ ಅಂಗೈ ಚಾಚಿದಳು. “ಇನ್ನೂ ಸ್ವಲ್ಪ ಉಂಟಾ?”

ವಾಪಸು ಬರುವ ಟಿಕೆಟ್ಟನ್ನು ನಾನು ಆ ಸಂಜೆಯೇ ರದ್ದು ಮಾಡಿದೆ. ವಾರ ಕಳೆದು ಊರಿಗೆ ಬಂದಾಗ ಚಟ್ನಿಯ ಬಾಟಲಿ ಮುಚ್ಚಿದ ಹಾಗೇ ಇತ್ತು.

ಈಗ ಮಾಂಯ್ ದಿನಾ ಲವೀನಾಳಿಗೆ ಫೋನ್ ಮಾಡುತ್ತಾಳೆ, “ನಿನ್ನ ಅತ್ತೆಗೆ ಕೊಡು” ಎನ್ನುವುದಕ್ಕೆ. ನಾಳೆ ಗಂಗವ್ವ ಮೊದಲ ಸಲ ನಮ್ಮ ಮನೆಗೆ ಬರುತ್ತಿದ್ದಾರೆ. ಮಾಂಯ್‌ಗೆ ಬೆಳಿಗ್ಗೆಯಿಂದ ಸಮಾಧಾನವಿಲ್ಲ.

“ಇಲ್ಲಿ ಎಲ್ಲಿ ನೋಡಿದ್ರೂ ಮರ, ಗೋಡೆ. ಅವರಿಗೆ ಉಸಿರು ಕಟ್ಟಿದರೆ?”

“ಅವರು ಊರು ನೋಡ್ಲಿಕ್ಕೆ ಬರುದಲ್ಲ ಮಾಂಯ್, ನಿನ್ನನ್ನು ನೋಡ್ಲಿಕ್ಕೆ” ಎಂದೆ.

ಮಾಂಯ್ ಎದ್ದಳು. ಒಳಗೆ ಹೋಗಿ, ಇದ್ದುದರಲ್ಲೇ ಒಳ್ಳೆಯ ಸೀರೆಯನ್ನು ತಂದು ನನ್ನ ಕೈಗಿಟ್ಟಳು. “ಹಾಗಾದ್ರೆ ಇದಕ್ಕೆ ಇಸ್ತ್ರಿ ಹಾಕಿಸಿಕೊಂಡು ಬಾ. ಬೇಗ!”

ಸ್ಕೂಟರ್ ಹೊರಗೆ ತೆಗೆದೆ.