ಮೂರನೇ ರಿಬ್ಬಿನ ಸುಳ್ಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಮದುವೆಯಾದ ಹದಿನೈದು ದಿನದಲ್ಲೇ ಕಂಡುಹಿಡಿದರು. ನಾನೂ ಅಲ್ಲಗಳೆಯುವುದಿಲ್ಲ. ಆದರೆ ಆ ಶನಿವಾರ ಮಾವನಿಗೆ ನಾನು ಹೇಳಿದ ಸುಳ್ಳು ಕೋಪದ್ದಲ್ಲ. ಅರ್ಧ ಸೋಮಾರಿತನದ್ದು, ಅರ್ಧ ಜಂಬದ್ದು. ಕೋಪದಲ್ಲಿ ಆಡಿದ ಮಾತಾಗಿದ್ದರೆ ಐದು ನಿಮಿಷದಲ್ಲಿ ತಣ್ಣಗಾಗಿ ವಾಪಸ್ ತೆಗೆದುಕೊಂಡಿರುತ್ತಿದ್ದೆ.

ನಾವಿರುವುದು ಟಿ. ದಾಸರಹಳ್ಳಿಯಲ್ಲಿ. ನಾನು ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊಯ್ಯುವ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತೇನೆ. ಮಾವ ಸರ್ಕಾರಿ ಕಾರ್ಖಾನೆಯೊಂದರಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಆಮೇಲೆ ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದ ಪುಟ್ಟ ವಿಮಾನಗಳನ್ನು ಕಟ್ಟಿ ರಿಮೋಟಿನಲ್ಲಿ ಹಾರಿಸುವ ಹುಚ್ಚು ಹತ್ತಿಸಿಕೊಂಡರು. ಆ ಹುಚ್ಚು ಮಗನನ್ನು ಬಿಟ್ಟು ಸೊಸೆಗೆ ತಗುಲಿತು. ನನ್ನ ಗಂಡ ಭಾನುವಾರ ಬೆಳಿಗ್ಗೆ ಹೊದ್ದು ಮಲಗಿರುತ್ತಾನೆ. ಮಾವನೂ ನಾನೂ ತಾರಸಿಯ ಶೀಟಿನ ಕೋಣೆಯಲ್ಲಿ ಅಂಟು ಬಳಿಯುತ್ತಾ ಕೂತಿರುತ್ತೇವೆ. "ಮಾವ ಸೊಸೆ ಇಬ್ರೂ ಸೇರಿ ಮನೆಗೇ ರೆಕ್ಕೆ ಕಟ್ಟಿಬಿಡ್ತೀರ" ಎಂದು ಅತ್ತೆ ಕೆಳಗಿನಿಂದ ಕೂಗುತ್ತಿರುತ್ತಾರೆ.

ಕಾರ್ಖಾನೆಯ ಒಂದು ಪದ್ಧತಿಯನ್ನು ಮಾವ ತಾರಸಿಗೂ ತಂದಿದ್ದರು. ರೆಕ್ಕೆಯ ಅಡಿಯಲ್ಲಿ ಎರಡು ಸಹಿ ಇರಲೇಬೇಕು. ಒಂದು ಕಟ್ಟಿದವರದ್ದು, ಇನ್ನೊಂದು ನೋಡಿದವರದ್ದು. ರೆಕ್ಕೆಯ ಮೇಲೆ ಬಣ್ಣದ ಹಾಳೆ ಇಸ್ತ್ರಿ ಮಾಡಿ ಮುಚ್ಚುವ ಮೊದಲೇ ನೋಡಬೇಕು. ಮುಚ್ಚಿದ ಮೇಲೆ ಒಳಗಿರುವುದು ದೇವರಿಗೇ ಗೊತ್ತು. ಇಡೀ ಸರ್ವಿಸಿನಲ್ಲಿ ಒಳಗೆ ಕಣ್ಣಾರೆ ನೋಡದ ಒಂದು ಮಾಲಿಗೂ ಅವರು ಮುದ್ರೆ ಒತ್ತಿದವರಲ್ಲ. ಒಮ್ಮೆ ದೊಡ್ಡ ಸಾಹೇಬರೇ ಬಂದು ಎದುರು ನಿಂತರೂ ಒತ್ತಲಿಲ್ಲವಂತೆ. ಈ ಕಥೆಯನ್ನು ಅತ್ತೆ ಹೆಮ್ಮೆಯಿಂದಲೂ ಹೇಳುತ್ತಾರೆ, ಅದಕ್ಕೇ ಇವರಿಗೆ ಪ್ರಮೋಷನ್ ಬರಲಿಲ್ಲ ಎಂದು ಸಿಟ್ಟಿನಿಂದಲೂ ಹೇಳುತ್ತಾರೆ.

ಎರಡು ವರ್ಷದಿಂದ ಮಾವನ ಕಣ್ಣಿಗೆ ಪೊರೆ ಬಂದು ಆಕಾಶದಲ್ಲಿದ್ದ ವಿಮಾನ ಕಾಣದಾಗಿತ್ತು. ನಾನು ಹಾರಿಸುತ್ತಿದ್ದೆ, ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸದ್ದು ಕೇಳುತ್ತಿದ್ದರು. ಕೊನೆಗೆ ಬಲಗಣ್ಣಿನ ಆಪರೇಷನ್ ಆಯಿತು. ದೂರದ್ದು ಈಗ ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಮಸುಕು. ಹತ್ತಿರಕ್ಕೆ ಕನ್ನಡಕ ಎರಡನೇ ಕಣ್ಣೂ ಆದ ಮೇಲೆ ಎಂದಿದ್ದರು ಡಾಕ್ಟರು. ಆರು ವಾರ ಮಾವ ದಿನ ಎಣಿಸಿದರು. ಏಳನೇ ಭಾನುವಾರ ತಾವೇ ಹಾರಿಸುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು.

ಆ ಭಾನುವಾರಕ್ಕೆ ವಿಮಾನ ತಯಾರಾಗಬೇಕಿತ್ತು. ಹಿಂದಿನ ಸಲ ಅದನ್ನು ನೆಲಕ್ಕೆ ಕುಕ್ಕಿದ್ದು ನಾನೇ. ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ಕಡ್ಡಿ ಬುಡದ ಹತ್ತಿರ ಸೀಳಿತ್ತು. ಶನಿವಾರ ಹಾಳೆ ಬಿಚ್ಚಿ, ಕಡ್ಡಿಯ ಮೇಲೊಂದು ಕೆಳಗೊಂದು ಕಾರ್ಬನ್ ಪಟ್ಟಿ ಇಟ್ಟು, ಎಪಾಕ್ಸಿ ಅಂಟು ಮೆತ್ತಿ ಬಿಗಿದೆ. ರೆಕ್ಕೆಗೆ ಅಡ್ಡಡ್ಡ ಕೂರಿಸುವ ತೆಳು ಹಲಗೆಗಳಿಗೆ ರಿಬ್ ಎನ್ನುತ್ತೇವೆ. ಎರಡೂ ಪಟ್ಟಿಗಳನ್ನು ಮೂರನೇ ರಿಬ್ಬಿನವರೆಗೆ ಎಳೆದು ಅಲ್ಲೇ ನೇರವಾಗಿ ಕತ್ತರಿಸಿದೆ. ಕಬ್ಬಿಣದಷ್ಟು ಗಟ್ಟಿಯಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಂಟು ಗಟ್ಟಿಯಾದ ಮೇಲೆ ಮಾವ ಕಾಫಿ ಲೋಟ ಹಿಡಿದು ಮೇಲೆ ಬಂದರು.

"ಪಟ್ಟಿ ಎಲ್ಲಿವರ್ಗೂ ಹಾಕ್ತೀಯಮ್ಮಾ?"

"ಮೂರನೇ ರಿಬ್ಬು ಮಾವ."

"ಎರಡೂ ಒಂದೇ ಜಾಗದಲ್ಲಿ ಮುಗಿಸ್ಬೇಡ. ಮೇಲಿಂದು ಮೂರಕ್ಕೆ, ಕೆಳಗಿಂದು ಐದಕ್ಕೆ. ತುದಿ ಇಳಿಜಾರಾಗಿ ಕತ್ತರಿಸು. ಹಳೇ ಬಟ್ಟೆಗೆ ದಪ್ಪ ತೇಪೆ ಹಾಕಿದ್ರೆ ಎಲ್ಲಿ ಹರಿಯುತ್ತೆ ಹೇಳು? ತೇಪೆ ಅಂಚಲ್ಲೇ ಹರಿಯೋದು."

ಅವರು ಹೇಳಿದ್ದು ಸರಿ ಎಂದು ಆ ಕ್ಷಣವೇ ಗೊತ್ತಾಯಿತು. ನನ್ನ ಕೆಲಸವೇ ಅದು, ಗೊತ್ತಾಗದೆ ಏನು? ಆದರೆ ಕಿತ್ತು ಮತ್ತೆ ಮಾಡುವುದೆಂದರೆ ಕಡ್ಡಿಯೇ ಪುಡಿಯಾಗುತ್ತಿತ್ತು. ಹೊಸ ರೆಕ್ಕೆಗೆ ಎರಡು ವಾರ ಬೇಕು. ಅವರ ಏಳನೇ ಭಾನುವಾರ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕಲಿತವಳು ನಾನು ಇಷ್ಟು ಸಣ್ಣದನ್ನು ಮರೆತೆ ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ.

"ಹೂಂ ಮಾವ, ಹಂಗೇ ಮಾಡಿದ್ದೀನಿ" ಅಂದೆ.

ಅವರು ರೆಕ್ಕೆಯನ್ನು ಮುಖದ ಹತ್ತಿರ ಹಿಡಿದರು, ದೂರ ಹಿಡಿದರು, ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದರು. ಎಲ್ಲಾ ಕರ್ರಗೆ ಒಂದೇ ಥರ ಕಾಣ್ತದಲ್ಲಮ್ಮ ಎಂದು ನಕ್ಕರು. ನಾನು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಹಾಳೆ ಮುಚ್ಚಿದೆ. ರೆಕ್ಕೆಯ ಅಡಿಗೆ ಪೆನ್ಸಿಲಿನಲ್ಲಿ ನನ್ನ ಸಹಿ ಹಾಕಿದೆ. ಅವರು ಪೆನ್ಸಿಲ್ ತೆಗೆದುಕೊಂಡು, ಮುಚ್ಚಿದ ಹಾಳೆಯ ಮೇಲೆ ಒಮ್ಮೆ ಬೆರಳಾಡಿಸಿದರು. "ನೀನು ಹೇಳಿದ್ಮೇಲೆ ಇನ್ನೇನು" ಎಂದು ಸಹಿ ಮಾಡಿದರು.

ಭಾನುವಾರ ಬೆಳಿಗ್ಗೆ ಅತ್ತೆ ವಿಮಾನದ ಮೂಗಿಗೆ ವಿಭೂತಿ ಹಚ್ಚಿದರು. ಹಳೆಯ ಹೊದಿಕೆಯಲ್ಲಿ ಸುತ್ತಿದ ರೆಕ್ಕೆಯನ್ನು ತಬ್ಬಿಕೊಂಡು ಮಾವ ನನ್ನ ಸ್ಕೂಟರಿನ ಹಿಂದೆ ಕೂತರು. ತುಮಕೂರು ರಸ್ತೆಯುದ್ದಕ್ಕೂ ನನ್ನ ಕಿವಿಯ ಹತ್ತಿರ ಬೋರ್ಡುಗಳನ್ನು ಓದುತ್ತಾ ಬಂದರು. ಮೆಟ್ರೋ ನಿಲ್ದಾಣದ ಹೆಸರು, ಲಾರಿಗಳ ಹಿಂದಿನ ಬರಹ, ಹೋಟೆಲಿನ ತಿಂಡಿ ಪಟ್ಟಿ. ಪ್ರತಿ ಸಿಗ್ನಲ್ಲಿನಲ್ಲೂ ಈಗ ಹೇಳಿಬಿಡುತ್ತೇನೆ ಅಂದುಕೊಂಡೆ. ಪ್ರತಿ ಸಲವೂ ಹಸಿರು ದೀಪ ಹತ್ತಿತು.

ಮಾದನಾಯಕನಹಳ್ಳಿ ದಾಟಿ ಒಳಗೆ ಹೋದರೆ ಒಂದು ಹೊಸ ಬಡಾವಣೆ ಇದೆ. ಟಾರು ಹಾಕಿದ್ದಾರೆ, ಸೈಟಿಗೆ ಕಲ್ಲು ನೆಟ್ಟಿದ್ದಾರೆ, ಮನೆ ಒಂದೂ ಎದ್ದಿಲ್ಲ. ಅಲ್ಲಿನ ಕಾವಲುಗಾರನಿಗೆ ನಮ್ಮ ಪರಿಚಯ.

"ಏನ್ ಯಜಮಾನ್ರೇ, ಬಾಳ ದಿನ ಆಯ್ತು. ಕಣ್ಣು ಎಂಗದೆ?"

"ನಿನ್ನ ಮೀಸೆಯಲ್ಲಿ ಬಿಳಿ ಎಷ್ಟಿದೆ ಅಂತ ಇಲ್ಲಿಂದಲೇ ಎಣಿಸ್ತೀನಿ ಕಣಯ್ಯಾ" ಎಂದರು ಮಾವ.

ನಾನು ಮೆಲ್ಲಗೆ ಅಂದೆ: "ಮಾವ, ಇವತ್ತು ಸುಮ್ನೆ ರೌಂಡು ಹೊಡೀರಿ ಸಾಕು. ಲೂಪ್ ಗೀಪ್ ಬೇಡ. ಗಾಳಿ ಇದೆ."

"ಎಲ್ಲಿದೆ ಗಾಳಿ?"

ಗಾಳಿ ಇರಲಿಲ್ಲ. ಒಂದು ಹುಲ್ಲೂ ಅಲ್ಲಾಡುತ್ತಿರಲಿಲ್ಲ.

ವಿಮಾನ ರಸ್ತೆಯ ಮೇಲೆ ಓಡಿ ಎದ್ದಿತು. ಹಳದಿ ರೆಕ್ಕೆ ಬಿಸಿಲಿಗೆ ಹೊಳೆಯಿತು. ಮಾವ ಬಾಯಿ ತೆರೆದುಕೊಂಡು ನೋಡುತ್ತಿದ್ದರು. "ಕಾಣ್ತದೆ ಕಣಮ್ಮಾ! ಚಕ್ರನೂ ಕಾಣ್ತದೆ!" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಎರಡು ಸುತ್ತು, ಮೂರು ಸುತ್ತು. ನಾನು ನೋಡುತ್ತಿದ್ದುದು ವಿಮಾನವನ್ನಲ್ಲ, ರಿಮೋಟಿನ ಮೇಲಿದ್ದ ಅವರ ಬಲಗೈಯ ಹೆಬ್ಬೆರಳನ್ನು. ಅದು ಮೆತ್ತಗೆ ಆಡುತ್ತಿರುವವರೆಗೂ ರೆಕ್ಕೆಗೆ ಭಯವಿಲ್ಲ.

ಅಷ್ಟರಲ್ಲಿ ಬಡಾವಣೆಯೊಳಗೆ ಒಂದು ಬಿಳಿ ಕಾರು ಬಂತು. ಭಾನುವಾರ ಸೈಟು ನೋಡಲು ಬರುವವರು. ಗಂಡ, ಹೆಂಡತಿ, ಬ್ರೋಕರು. ರಸ್ತೆಯ ಆ ತುದಿಯಲ್ಲಿ ನಿಲ್ಲಿಸಿ, ಸೈಟು ಬಿಟ್ಟು ವಿಮಾನ ನೋಡುತ್ತಾ ನಿಂತರು. ವಿಮಾನ ಸರಿಯಾಗಿ ಅವರ ನೆತ್ತಿಯ ಮೇಲೆ ಹಾದು ಬರುತ್ತಿತ್ತು.

ಮಾವನಿಗೆ ಜನ ಕಂಡದ್ದೇ ಹುರುಪು ಬಂತೋ ಏನೋ. ವಿಮಾನ ಎತ್ತರಕ್ಕೆ ಏರಿತು. ತೀರಾ ಎತ್ತರಕ್ಕೆ. ಲೂಪ್ ಹೊಡೆಯುವವರು ಮಾಡುವುದೇ ಅದು. ಮೇಲೇರಿ, ಮೂಗು ತಗ್ಗಿಸಿ ವೇಗ ಗಳಿಸಿ, ಆಮೇಲೆ ಜೋರಾಗಿ ಹಿಂದಕ್ಕೆ ಎಳೆದು ಇಡೀ ವಿಮಾನವನ್ನು ಚಕ್ರದಂತೆ ತಿರುಗಿಸುವುದು. ಎಳೆಯುವ ಆ ಒಂದು ಗಳಿಗೆಯಲ್ಲಿ ಭಾರವೆಲ್ಲ ರೆಕ್ಕೆಯ ಮೇಲೆ. ಅಂದರೆ ನನ್ನ ಮೂರನೇ ರಿಬ್ಬಿನ ಮೇಲೆ. ಅಲ್ಲಿ ಮುರಿದರೆ ಮೂರು ಕಿಲೋ ತೂಕ, ತಿರುಗುತ್ತಿರುವ ಪ್ರೊಪೆಲ್ಲರಿನ ಸಮೇತ, ಆ ಮೂವರ ಮೇಲೆ.

"ಮಾವ, ಸಾಕು, ಇಳಿಸಿ."

"ಒಂದೇ ಒಂದಮ್ಮಾ. ಎರಡು ವರ್ಷ ಆಯ್ತು."

ಮೂಗು ತಗ್ಗಿತು. ಮೋಟಾರಿನ ಸದ್ದು ಏರತೊಡಗಿತು.

"ಎಳೀಬೇಡಿ ಮಾವ!" ನಾನು ಕಿರುಚಿದೆ. "ಪಟ್ಟಿ ಎರಡೂ ಒಂದೇ ಜಾಗದಲ್ಲಿ ಮುಗ್ಸಿದ್ದೀನಿ! ಸುಳ್ಳು ಹೇಳ್ದೆ! ಎಳೀಬೇಡಿ, ಮುರ್ಕೊಂಡ್ ಬಿಡುತ್ತೆ!"

ಅವರು ನನ್ನ ಕಡೆ ತಿರುಗಲಿಲ್ಲ. ಹೆಬ್ಬೆರಳು ನಿಂತಲ್ಲೇ ನಿಂತಿತು. ಎಡಗೈ ಮೋಟಾರನ್ನು ಪೂರ್ತಿ ಇಳಿಸಿತು. ಸದ್ದು ಹೋಗಿ ಗಾಳಿ ಸೀಳುವ ಶಬ್ದ ಮಾತ್ರ ಉಳಿಯಿತು. ವಿಮಾನ ನೆಲದ ಕಡೆಗೇ ಬರುತ್ತಿತ್ತು. ಎಳೆದರೆ ರೆಕ್ಕೆ ಮುರಿಯುತ್ತದೆ, ಎಳೆಯದಿದ್ದರೆ ನೆಲ. "ಓಡ್ರೀ! ಪಕ್ಕಕ್ಕೆ ಓಡ್ರೀ!" ಎಂದು ನಾನು ಕೈ ಬೀಸುತ್ತಾ ಕಾರಿನ ಕಡೆ ಓಡಿದೆ. ಅವರು ನಗುತ್ತಾ ನನಗೇ ಕೈ ಬೀಸಿದರು. ಶಿವನೇ, ಆ ಹೆಂಗಸು ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದಳು!

ಮಾವ ಹೆಬ್ಬೆರಳನ್ನು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ ತಂದಿರಬೇಕು. ಮೂಗು ನಿಧಾನವಾಗಿ, ತೀರಾ ನಿಧಾನವಾಗಿ ಎದ್ದಿತು. ಇದ್ದ ಎತ್ತರವನ್ನೆಲ್ಲ ಖರ್ಚು ಮಾಡಿ ವಿಮಾನ ನೆಲಕ್ಕೆ ಸಮನಾಯಿತು. ಕಾರಿನ ಮೇಲೆ ಎರಡಾಳೆತ್ತರದಲ್ಲಿ ಹಾದುಹೋಯಿತು. ಹಾದು ಹೋಗುವಾಗ ಚಟ್ ಎಂದ ಸದ್ದು ನನಗೆ ಕೇಳಿಸಿತು. ಆಮೇಲೆ ಅದು ತಿರುಗಲಿಲ್ಲ. ಮಾವ ತಿರುಗಿಸಲಿಲ್ಲ. ನೇರಕ್ಕೆ ಹೋಗಿ ಬಡಾವಣೆಯ ಆಚೆಯ ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಜಾರಿ ನಿಂತಿತು.

"ಸಕ್ಕತ್ ಸಾರ್!" ಎಂದು ಆ ಗಂಡಸು ಓಡಿ ಬಂದ. "ಏನ್ ಸ್ಟಂಟ್ ಸಾರ್ ಅದು! ಇನ್ನೊಂದ್ಸಲ ಹೊಡೀರಿ ಸಾರ್."

"ಇವತ್ತಿಗೆ ಇಷ್ಟೇ ಸ್ವಾಮಿ" ಎಂದರು ಮಾವ.

ವಿಮಾನ ಎತ್ತಿಕೊಂಡು ಬಂದೆ. ಎಡ ರೆಕ್ಕೆಯಲ್ಲಿ, ಮೂರನೇ ರಿಬ್ಬಿನ ಪಕ್ಕದಲ್ಲಿ ಹಾಳೆ ಸುಕ್ಕುಗಟ್ಟಿತ್ತು. ಮಾವ ಬೆರಳಿನಿಂದ ಆ ಸುಕ್ಕನ್ನು ಸವರಿದರು. ನಾನು ಬೈಗುಳಕ್ಕೆ ಕಾದೆ. ನಮ್ಮಪ್ಪನಾಗಿದ್ದರೆ ಅಲ್ಲೇ ಒಂದು ಬಾರಿಸಿರುತ್ತಿದ್ದರು. ಬಾರಿಸಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಅವರು ಸಾಮಾನಿನ ಡಬ್ಬಿಯಿಂದ ಕೆಂಪು ಪೆನ್ಸಿಲ್ ತೆಗೆದು, ರೆಕ್ಕೆಯನ್ನು ಕೈಯಳತೆಯಷ್ಟು ದೂರ ಇಟ್ಟುಕೊಂಡು, ತಡಕಾಡಿ, ತಮ್ಮ ಸಹಿಯ ಮೇಲೆ ಅಡ್ಡ ಗೆರೆ ಎಳೆದರು.

"ನಂದೂ ಹೊಡೆದುಹಾಕಿ ಮಾವ. ತಪ್ಪು ನಂದು."

"ನೀನು ಕಟ್ಟಿದ್ದು ನಿಜ ತಾನೆ? ನಿನ್ನ ಸಹಿ ಇರ್ಲಿ" ಎಂದರು. "ನೋಡಿದ್ದೀನಿ ಅಂತ ನಾನು ಬರೆದದ್ದು ಸುಳ್ಳು."

ನನಗೆ ಅಳು ಒತ್ತರಿಸಿ ಬಂತು. ಆ ರಸ್ತೆಯ ಬದಿಯಲ್ಲಿ, ಕಾವಲುಗಾರನ ಎದುರಿಗೇ, ಮೂಗು ಒರೆಸಿಕೊಳ್ಳುತ್ತಾ ಅತ್ತುಬಿಟ್ಟೆ. ದೊಡ್ಡ ಸಾಹೇಬರಿಗೂ ಬಗ್ಗದ ಮನುಷ್ಯ ನನ್ನ ಒಂದು ಮಾತಿಗೆ ಬಗ್ಗಿದ್ದರು, ಆ ಮಾತೇ ಸುಳ್ಳಾಗಿತ್ತು. ಮಾವ ಸಮಾಧಾನ ಮಾಡಲಿಲ್ಲ. ರೆಕ್ಕೆಯನ್ನು ನನ್ನ ಕೈಗೆ ಕೊಟ್ಟು, "ರಿಜೆಕ್ಟ್ ಆದ ಮಾಲನ್ನ ಮುರಿದೇ ಎಸೀಬೇಕು. ಇಲ್ದಿದ್ರೆ ಯಾರೋ ಮತ್ತೆ ಹಾಕ್ಕೋತಾರೆ" ಎಂದರು. ಮೊಣಕಾಲಿಗೆ ಇಟ್ಟು ಸ್ವಲ್ಪವೇ ಒತ್ತಿದೆ. ನಾನು ಗಟ್ಟಿ ಮಾಡಿದ ಜಾಗಕ್ಕೆ ಏನೂ ಆಗಲಿಲ್ಲ. ಅದರ ಅಂಚಿನಲ್ಲಿ, ಕತ್ತಿ ಇಟ್ಟು ಕೊಯ್ದ ಹಾಗೆ ರೆಕ್ಕೆ ಎರಡಾಯಿತು.

ಹೊಸ ರೆಕ್ಕೆ ಕಟ್ಟಿದೆ. ಹಾಳೆ ಹಚ್ಚಲಿಲ್ಲ. ಎರಡನೇ ಕಣ್ಣಿನ ಆಪರೇಷನ್ ಆಗಿ ಕನ್ನಡಕ ಬರುವವರೆಗೂ ಅದು ಎಲುಬು ತೋರಿಸಿಕೊಂಡು ತಾರಸಿ ಕೋಣೆಯ ಬೀರುವಿನ ಮೇಲೆ ಮಲಗಿತ್ತು. "ಧೂಳು ಕೂರ್ತಿದೆ, ಮುಚ್ಚಬಾರ್ದೇನೇ?" ಎಂದು ಅತ್ತೆ ದಿನಾ ಗೊಣಗಿದರು. ಮುಚ್ಚಲಿಲ್ಲ.

ಕನ್ನಡಕ ಬಂದ ದಿನ ಮಾವ ಮೆಟ್ಟಿಲು ಹತ್ತಿ ಬಂದು ಟಾರ್ಚು ಬೆಳಗಿಸಿದರು. ರೆಕ್ಕೆಯನ್ನು ಮುಟ್ಟುವ ಮೊದಲೇ ನನ್ನನ್ನು ಕೇಳಿದರು.

"ಹೇಳು. ಎಲ್ಲೆಲ್ಲಿ ತಪ್ಪು ಮಾಡಿದ್ದೀಯ?"

ಹಿಂದಿನ ನಾನಾಗಿದ್ದರೆ ಸಿಡಿದುಬಿಡುತ್ತಿದ್ದೆ. "ಬಲಗಡೆ ನಾಲ್ಕನೇ ರಿಬ್ಬು ಸ್ವಲ್ಪ ವಾಲಿದೆ ಮಾವ" ಅಂದೆ. "ಎಡಗಡೆ ಎರಡನೇದ್ರಲ್ಲಿ ಅಂಟು ಜಾಸ್ತಿ ಆಗಿದೆ."

ಅವರು ಬಗ್ಗಿ ಆ ಎರಡು ಜಾಗ ನೋಡಿದರು. ಆಮೇಲೆ ಮಿಕ್ಕ ಜಾಗವನ್ನೆಲ್ಲ ಒಂದೊಂದಾಗಿ, ಅರ್ಧ ಗಂಟೆ ನೋಡಿದರು. ನಾನು ಟಾರ್ಚು ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಸೊಂಟ ಹಿಡಿದುಕೊಂಡು ನೆಟ್ಟಗಾದರು.

"ನಡೆಯುತ್ತೆ" ಎಂದು ಪೆನ್ಸಿಲ್‌ಗೆ ಕೈ ಚಾಚಿದರು.