ಬಾವಿಯ ಮೇಲೆ ಬರೆದ ಎರಡು ಸಾಲು

ನಾನು ಆಗ ಇನ್ನೂ ಚಿಕ್ಕವನು, ಕಮಲಾಪುರದ ಶಾಲೆಯಲ್ಲಿ ಐದನೆಯ ತರಗತಿ. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅಕ್ಕ ಬೇಸಿಗೆ ರಜೆಗೆ ಮನೆಗೆ ಬಂದಿದ್ದಳು. ಅವಳು ಕವಿತೆ ಬರೆಯುತ್ತಾಳೆಂದು ನನಗೂ ಆ ಹುಚ್ಚು ಹತ್ತಿತು. ನಮ್ಮ ಬಾಳೆತೋಟದ ಆಚೆಗಿದ್ದ ಹಳೆಯ ಮೆಟ್ಟಿಲಬಾವಿಯ ಮೇಲೆ ಒಂದು ಪುಟ ಬರೆದು ಅವಳ ಮುಂದೆ ಹಿಡಿದೆ. ‘ಓ ಸುಂದರ ಬಾವಿಯೇ, ಅಮೃತದ ಗಣಿಯೇ’ ಎಂದು ಅದು ಶುರುವಾಗುತ್ತಿತ್ತು.

ಅಕ್ಕ ಪೂರ್ತಿ ಓದಿದಳು. ನಗಲಿಲ್ಲ. “ಈ ಬಾವಿ ನೀ ನೋಡೀಯೇನು?” ಎಂದಳು.

ನಾನು ನೋಡಿರಲಿಲ್ಲ. ಆ ಬಾವಿಯ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಕ್ಕಳು ಅತ್ತ ಸುಳಿಯಬಾರದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಕಣ್ಣಿಂದ ಕಾಣದೆ ಬರೆದರೆ ಬರೇ ಬೇರೆಯವರ ಮಾತು ಬರುತ್ತದೆ ಎನ್ನುತ್ತ ಅಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನು ಬರಿಗಾಲಲ್ಲೇ ಹಿಂದೆ ಓಡಿದೆ.

ಮಟಮಟ ಮಧ್ಯಾಹ್ನ. ಅಪ್ಪ ಪಡಸಾಲೆಯಲ್ಲಿ ಮಲಗಿದ್ದರು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ನೆರೆಮನೆಯ ಮುದುಕಿಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಕಾಣಲಿಲ್ಲ. ತೋಟದೊಳಗೆ ಗಾಳಿಯೇ ಇರಲಿಲ್ಲ, ಆದರೂ ಒಣಗಿದ ಬಾಳೆ ಎಲೆಗಳು ಸರಸರ ಎನ್ನುತ್ತಿದ್ದವು.

ಬಾವಿಯ ಮೊದಲ ಮೆಟ್ಟಿಲು ಅಂಗಾಲು ಸುಟ್ಟಿತು. ಮೂರನೆಯದು ತಣ್ಣಗಿತ್ತು. ಪಾಚಿಯ ವಾಸನೆ, ಬಾವಲಿಗಳ ವಾಸನೆ. ಮೆಟ್ಟಿಲುಗಳು ಒಂದು ತಿರುವಿನಲ್ಲಿ ಮರೆಯಾಗುತ್ತಿದ್ದವು. ಕೆಳಗೆ ಕಂಡಷ್ಟು ನೀರಿನಲ್ಲಿ ಆಕಾಶವಿರಲಿಲ್ಲ, ಬರೇ ಕಪ್ಪು.

ಅಕ್ಕ ನನ್ನನ್ನು ಕೂಡಿಸಿ ಕಣ್ಣು ಮುಚ್ಚಲು ಹೇಳಿದಳು. ಎಲ್ಲೋ ಹನಿ ಬೀಳುತ್ತಿತ್ತು. ತೊಟ್. ತೊಟ್. ಅದಕ್ಕೆ ಸರಿಯಾಗಿ ನನ್ನ ಮೊಣಕಾಲ ಮೇಲೆ ಬೆರಳು ತಟ್ಟುತ್ತ, ಕವಿತೆಗೂ ಇಂಥದ್ದೊಂದು ನಡಿಗೆ ಇರಬೇಕು, ಗಟ್ಟಿಯಾಗಿ ಓದುವಾಗ ನಾಲಿಗೆ ಎಡವಿದರೆ ಆ ಶಬ್ದ ಬೇಡವೆಂದು ತಿಳಿ ಎಂದಳು. ಆಮೇಲೆ ನನ್ನ ಸಾಲನ್ನು ಬಾವಿಯೊಳಗೆ ಕೂಗಿಸಿದಳು. ಸುಂದರ, ಅಮೃತ ಎಲ್ಲವನ್ನೂ ಬಾವಿ ನುಂಗಿತು. ‘ಯೇ... ಯೇ...’ ಎಂಬುದಷ್ಟೇ, ಕೆಳಗೆ ಯಾರೋ ಅಣಕಿಸಿದಂತೆ, ತಿರುಗಿ ಬಂತು.

ಅಂಜಿಕೆಯಾಗುತ್ತಿದೆ ಎಂದೆ.

“ಅಂಜಿಕಿ ಅಂತ ಬರೀಬ್ಯಾಡ. ಯಾತರಿಂದ ಅಂಜಿಕಿ ಬಂತು, ಅದನ್ನ ಬರಿ.”

ಯಾತರಿಂದ ಎಂದು ಕಣ್ಣು ತೆರೆದು ಹುಡುಕಿದೆ. ಆಗ ಕಂಡಿತು. ತಿರುವಿನ ಹತ್ತಿರ, ಮೆಟ್ಟಿಲ ಮೇಲೆ ಹೆಂಗಸರ ಒಂದು ಚಪ್ಪಲಿ. ಒಂದೇ.

ಅದೇ ಹೊತ್ತಿಗೆ ಕೆಳಗಿನಿಂದ ದನಿ ಬಂತು. “ಬಾ.”

ನಾವು ಮಾತಾಡಿರಲಿಲ್ಲ. ಅಕ್ಕನ ಬೆರಳು ನಿಂತಿತು. ಅದು ನಮ್ಮ ದನಿಯ ಮಾರ್ದನಿಯಲ್ಲ. ಎರಡು ಹನಿಗಳ ನಡುವೆ, ಯಾವ ನಡಿಗೆಗೂ ಕೂಡದೆ ಬಂದಿತ್ತು. ಇನ್ನೊಮ್ಮೆ ಬಂತು.

“ಓಡು, ಅಪ್ಪಗ ಕರ್ಕೊಂಡು ಬಾ,” ಎಂದಳು. “ನಾ ಕೆಳಗ ಹೋಗ್ತೀನಿ.”

ಅಪ್ಪನೊಡನೆ ಮರಳಿದಾಗ ಅಕ್ಕ ತಿರುವಿನಾಚೆ, ನೀರಿನ ಅಂಚಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಖಾಲಾ ಅವರ ತಲೆ. ಬೆಳಿಗ್ಗೆ ಆಡು ಹುಡುಕುತ್ತ ಬಂದವರು ಜಾರಿ ಬಿದ್ದಿದ್ದರೆಂದು ಆಮೇಲೆ ತಿಳಿಯಿತು. ಹಣೆಯ ಮೇಲೆ ರಕ್ತ ಒಣಗಿತ್ತು. ಎರಡೂ ಕಾಲು ನೀರಿನಲ್ಲಿದ್ದವು. ಇನ್ನೊಂದು ಮೆಟ್ಟಿಲು ಜಾರಿದ್ದರೆ ಮುಳುಗುತ್ತಿದ್ದರು. ಅಪ್ಪ ಅವರನ್ನು ಹೆಗಲ ಮೇಲೆ ಹೊತ್ತು ತಂದರು. ನಮ್ಮನ್ನು ಬೈಯಲಿಲ್ಲ.

ಸಂಜೆ ನಮ್ಮ ಮನೆಯಲ್ಲಿ ಖಾಲಾ ಕಣ್ಣು ತೆರೆದರು, ನೀರು ಕುಡಿದರು. ನೀವು ಕರೆದದ್ದು ಮಕ್ಕಳ ಕಿವಿಗೆ ಬಿದ್ದದ್ದೇ ಪುಣ್ಯ ಎಂದರು ಅಪ್ಪ. ಖಾಲಾ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

“ನಾ ಕರದಿಲ್ಲ ರೀ. ಬಿದ್ದದ್ದಷ್ಟೇ ಖಬರ್ ಅದ. ಕಣ್ಣು ತೆರೆದದ್ದು ಈಗ, ಇಲ್ಲೇ.”

ಅಕ್ಕ ಎದ್ದು ತೋಟದ ಕಡೆಯ ಬಾಗಿಲು ಹಾಕಿದಳು.

ಮರುದಿನ ನನ್ನ ಪುಟವನ್ನು ಹರಿದು ಹೊಸದಾಗಿ ಬರೆದೆ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಸಂಜೆಗೆ ಎರಡು ಸಾಲು ಉಳಿದವು:

ನೀರು ಕಪ್ಪು. ಮೆಟ್ಟಿಲ ಮೇಲೆ ಒಂಟಿ ಚಪ್ಪಲಿ.
ಯಾರೂ ಕರೆಯಲಿಲ್ಲ. ನಾವು ಹೋದೆವು.

ಅಕ್ಕ ಗಟ್ಟಿಯಾಗಿ ಓದಿದಳು. ಎಲ್ಲಿಯೂ ನಾಲಿಗೆ ಎಡವಲಿಲ್ಲ. ಇದಕ್ಕೆ ಇನ್ನೊಂದು ಅಕ್ಷರವನ್ನೂ ಹಚ್ಚಬೇಡ ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟಳು.

ಈಗ ನಾನು ಮೊಮ್ಮಕ್ಕಳೊಡನೆ ಕಲಬುರಗಿಯ ಗಾಜಿಪುರದಲ್ಲಿದ್ದೇನೆ. ಇದನ್ನು ಓದುವ ಮಕ್ಕಳೇ, ನೀವು ಬಾವಿ ಕಂಡದ್ದು ಕಾರಿನ ಕಿಟಕಿಯಿಂದ. ಪ್ರಾಸ ಬೇಕೆಂದರೆ ಫೋನು ಕಣ್ಣು ಮಿಟುಕಿಸುವುದರೊಳಗೆ ಹತ್ತು ಕೊಡುತ್ತದೆ. ನಿಮ್ಮ ಮನೆಯಲ್ಲಿ ಯಾವುದಾದರೊಂದು ಯಂತ್ರ ಸದಾ ಗುಂಯ್‌ಗುಡುತ್ತಿರುತ್ತದೆ, ಅದಕ್ಕೆ ನಿಮಗೆ ಅಂಜಿಕೆಯೂ ಕಡಿಮೆ ಎಂದುಕೊಂಡಿದ್ದೆ.

ಮೊನ್ನೆ ಸಂಜೆ ಕರೆಂಟ್ ಹೋಯಿತು. ಫ್ಯಾನು, ಫ್ರಿಜ್ಜು, ಟಿವಿ ಒಮ್ಮೆಲೇ ಸುಮ್ಮನಾದವು. ಮೊಮ್ಮಗಳು ನೋಟ್‌ಬುಕ್ ಮುಂದಿಟ್ಟುಕೊಂಡು ಕೂತಿದ್ದಳು. ಮೇಣದಬತ್ತಿ ತರಲೆಂದು ಎದ್ದೆ. ಅವಳು ತಲೆ ಎತ್ತದೆಯೇ ನನ್ನ ಕೈ ಹಿಡಿದಳು.

“ಸುಮ್ಕ ಕೂಡು ಅಜ್ಜಾ. ಏನೋ ಕೇಳಸಾಕತ್ತದ.”

ನಾನು ಕೂತೆ.